ನಕ್ಷತ್ರವಿದ್ದ ಸೀಟಿ

ಮೈಕಿನ ಮುಂದೆ ಭಾವಮೈದುನ ಅಳುತ್ತಿದ್ದ. ಎರಡನೆಯ ಸಾಲಿನಲ್ಲಿ ಕೂತ ರೆಫರಿ ತನ್ನ ಹೆಂಡತಿಯ ತಮ್ಮನ ಆ ಅಳುವನ್ನು ಫುಟ್‌ಬಾಲ್ ಮೈದಾನದ ಕಣ್ಣಿನಿಂದಲೇ ಅಳೆದ. ಯಾರ ಕಾಲೂ ತಾಗದೆ ದೊಪ್ಪನೆ ಬಿದ್ದು, ಮೊಣಕಾಲು ಹಿಡಿದುಕೊಂಡು ಹೊರಳಾಡುವವರನ್ನು ಜೀವಮಾನವಿಡೀ ನೋಡಿದವನು ಅವನು. ಅಂಥವರು ನರಳುವಾಗ ಬೆರಳ ಸಂದಿಯಿಂದ ರೆಫರಿಯ ಮುಖ ನೋಡುತ್ತಾರೆ. ಭಾವಮೈದುನನೂ ಕರವಸ್ತ್ರದ ಅಂಚಿನಿಂದ ಸಭೆಯನ್ನು ನೋಡುತ್ತಿದ್ದ.

ಹೈಸ್ಕೂಲಿನ ಹಳೆಯ ಹೆಡ್ಮಾಸ್ಟರು ತೀರಿಕೊಂಡಿದ್ದರು. ಅವರ ನೆನಪಿಗೆಂದು ಶಾಲೆಯ ಹಾಲಿನಲ್ಲಿ ಸೇರಿದ್ದ ಶಿಷ್ಯಕೋಟಿಯನ್ನು ನೋಡಿ ರೆಫರಿಗೆ ಬಂದಾಗಿನಿಂದ ಅಸಹ್ಯವಾಗುತ್ತಿತ್ತು. ಮುಂದಿನ ಸಾಲಿನ ಟ್ರಾಫಿಕ್ ಪೊಲೀಸು ಗೊರ್ರೆಂದು ಕಾಗದಕ್ಕೆ ಸಿಂಬಳ ತೆಗೆದು ಅದನ್ನು ಕುರ್ಚಿಯ ಕೆಳಗೆ ತುರುಕಿದ. ಬಸ್ ಕಂಡಕ್ಟರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಕರಗಿ ಬಿದ್ದದ್ದನ್ನು ಬೆರಳಿನಿಂದ ಬಳಿದು ತಿಂದ. ಈಜುಕೊಳದ ಕಾವಲಿನವಳು ಹೆಡ್ಮಾಸ್ಟರ ಫೋಟೊದ ಪಕ್ಕ ನಿಂತು, ದುಃಖದ ಮುಖ ಮಾಡಿ, ತನ್ನದೇ ಒಂದು ಫೋಟೊ ತೆಗೆದುಕೊಂಡಳು. ಮಾತಾಡಿದವರ ಎಂಜಲಿನಿಂದ ಮೈಕಿನ ಸ್ಪಂಜು ತೊಯ್ದು ಹೊಳೆಯುತ್ತಿತ್ತು. ಇಷ್ಟು ವರ್ಷ ಪಾಠ ಹೇಳಿದ ಮಹಾನುಭಾವರು ಒಬ್ಬ ನ್ಯಾಯಾಧೀಶನನ್ನಾದರೂ ತಯಾರು ಮಾಡಬಾರದಿತ್ತೇ ಎಂದುಕೊಂಡ.

ಮಾಡಿದ್ದರು, ತನ್ನನ್ನು. ಆ ಸಮಾಧಾನ ಅವನ ಜೇಬಿನಲ್ಲಿತ್ತು.

ಅದೊಂದು ಹಿತ್ತಾಳೆಯ ಸೀಟಿ. ಬೆನ್ನಿನ ಮೇಲೆ ಪುಟ್ಟ ನಕ್ಷತ್ರ. ಎಂಟನೇ ಕ್ಲಾಸಿನಲ್ಲಿ, ಎದ್ದು ನಿಂತರೆ ನಾಲಿಗೆ ಒಣಗಿ ಮಾತೇ ಹೊರಡದಿದ್ದ ಹುಡುಗನನ್ನು ಹೆಡ್ಮಾಸ್ಟರು ರೂಮಿಗೆ ಕರೆದು ಬಾಗಿಲು ಹಾಕಿದ್ದರು. ಹೊಡೆತ ಬೀಳುತ್ತದೆಂದು ಅವನು ಕೈ ಚಾಚಿದ. ಕೈಗೆ ಬಿದ್ದದ್ದು ಸೀಟಿ.

"ನಮ್ಮಪ್ಪ ನನಗೆ ಬಿಟ್ಟು ಹೋದದ್ದು ಇದೇ, ಬೇರೇನೂ ಇಲ್ಲ. ನಿನ್ನ ಹತ್ತಿರ ಇರಲಿ. ಮಾತು ಬರದೇ ಇದ್ದಾಗ ಊದು, ಎಲ್ಲರೂ ತಿರುಗಿ ನೋಡ್ತಾರೆ. ಆಮೇಲೆ ಮಾತಾಡು. ಯಾರಿಗೂ ತೋರಿಸಬೇಡ."

ಹೆಡ್ಮಾಸ್ಟರು ಸುಳ್ಳು ಹೇಳಿದ್ದನ್ನು ಕಂಡವರಿರಲಿಲ್ಲ. ಆ ಅಪ್ಪ ರೈಲಿನ ಗಾರ್ಡೋ, ಪೊಲೀಸ್ ಅಧಿಕಾರಿಯೋ, ಆ ನಕ್ಷತ್ರ ಅವನ ದರ್ಜೆಯೋ ಎಂದೆಲ್ಲ ಹುಡುಗ ಊಹಿಸಿಕೊಂಡ. ಸೀಟಿಯ ಹಿಂದೆಯೇ ಹೋಗಿ ರೆಫರಿಯಾದ. ಇಷ್ಟು ದೊಡ್ಡ ಶಾಲೆಯಲ್ಲಿ ಒಬ್ಬರು ತನ್ನನ್ನೇ ಆರಿಸಿಕೊಂಡರು ಎಂಬುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಇವತ್ತು ಎಲ್ಲರೆದುರು ಆ ಕಥೆ ಹೇಳಿ, ಹೆಡ್ಮಾಸ್ಟರ ಹೆಂಡತಿಯ ಕೈಗೆ ಸೀಟಿಯನ್ನು ಹಿಂದಿರುಗಿಸಬೇಕು. ಭಾವಮೈದುನನ ನಂತರ ಅವನದೇ ಸರದಿ.

"ನನ್ನನ್ನ ರೂಮಿಗೆ ಕರೆದರು," ಭಾವಮೈದುನ ಮೂಗೆಳೆದುಕೊಂಡ. ಅವನು ಈಗ ಅದೇ ಶಾಲೆಯ ಡ್ರಿಲ್ ಮೇಷ್ಟ್ರು. "ಬಾಗಿಲು ಹಾಕಿದರು. ನಾನು ಹೊಡೀತಾರೆ ಅಂತ ಕೈ ಚಾಚಿದೆ..."

ರೆಫರಿಯ ಬೆನ್ನು ನೆಟ್ಟಗಾಯಿತು.

"ನಮ್ಮಪ್ಪ ನನಗೆ ಬಿಟ್ಟು ಹೋದದ್ದು ಇದೇ, ಬೇರೇನೂ ಇಲ್ಲ, ಮಾತು ಬರದೇ ಇದ್ದಾಗ ಊದು, ಅಂದರು..."

ರೆಫರಿ ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ಮದುವೆಯಾದ ಹೊಸತರಲ್ಲಿ, ಮೆದುವಾಗಿದ್ದ ಹೊತ್ತಿನಲ್ಲಿ, ಅವಳೊಬ್ಬಳಿಗೇ ಅವನು ಇದನ್ನು ಹೇಳಿದ್ದ.

"ನೀನೇ ಹೇಳಿದ್ದು ನಿನ್ನ ತಮ್ಮನಿಗೆ."

"ನಾನ್ಯಾಕೆ ಹೇಳಲಿ? ನನಗದು ನೆನಪೂ ಇರಲಿಲ್ಲ."

"ಇವನಿಗೆ ಮಾತು ಬರ್ತಿರಲಿಲ್ಲವಂತೆ! ತೊಟ್ಟಿಲಲ್ಲಿ ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ."

"ಸ್ವಲ್ಪ ಮೆಲ್ಲಗೆ. ಅವನು ಅಳ್ತಿದ್ದಾನೆ."

"ಕದ್ದವನು ಅಳದೆ ಇನ್ನೇನು ಮಾಡ್ತಾನೆ?"

ಮಾತಿಗೆ ಮಾತು, ಪದಕ್ಕೆ ಪದ ಕದ್ದಿದ್ದ. ಸತ್ತವರ ಫೋಟೊದ ಮುಂದೆ, ಅವರ ಹೆಂಡತಿಯ ಎದುರು, ಇನ್ನೊಬ್ಬನ ಬಾಲ್ಯವನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿದ್ದಾನೆ. ರೆಫರಿ ಕುರ್ಚಿ ಹಿಂದಕ್ಕೆ ತಳ್ಳಿದ. ಎದ್ದು ನಿಂತ. ನಾಲಿಗೆ ಒಣಗಿತ್ತು. ಹಳೆಯ ಹಾಗೆಯೇ ಮಾತು ಹೊರಡಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು.

ಊದಿದ. ಹಾಲಿನ ಗಾಜುಗಳು ಝೇಂಕರಿಸಿದವು. ಎಲ್ಲರೂ ತಿರುಗಿ ನೋಡಿದರು.

"ಸುಳ್ಳು!" ರೆಫರಿ ಕೂಗಿದ. "ಆ ಸೀಟಿ ಇಲ್ಲಿದೆ. ಕೊಟ್ಟದ್ದು ನನಗೆ!"

ಭಾವಮೈದುನ ಕರವಸ್ತ್ರವನ್ನು ಜೇಬಿಗೆ ಹಾಕಿದ. ಆಮೇಲೆ ಕೊರಳಿನ ದಾರವನ್ನು ಅಂಗಿಯೊಳಗಿಂದ ಮೇಲಕ್ಕೆಳೆದ. ತುದಿಯಲ್ಲಿ ಹಿತ್ತಾಳೆಯ ಸೀಟಿ. ಬೆನ್ನಿನ ಮೇಲೆ ನಕ್ಷತ್ರ.

"ಭಾವ," ಅಂದ, "ಹಾಗಾದರೆ ಇದೇನು?"

ಮುಂದಿನ ಸಾಲಿನಲ್ಲಿ ಟ್ರಾಫಿಕ್ ಪೊಲೀಸು ನಿಧಾನವಾಗಿ ಎದೆಯ ಜೇಬಿಗೆ ಕೈ ಹಾಕಿದ. ಕಂಡಕ್ಟರು ಬೆರಳು ಒರೆಸಿಕೊಂಡು ಚೀಲದ ಬಾಯಿ ಬಿಚ್ಚಿದ. ಈಜುಕೊಳದವಳು ಬೀಗದ ಕೈಗೊಂಚಲನ್ನು ಎತ್ತಿ ಹಿಡಿದಳು. ನಕ್ಷತ್ರ, ನಕ್ಷತ್ರ, ನಕ್ಷತ್ರ. ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು.

ರೆಫರಿಗೆ ಈಗ ಬಂದ ಅಸಹ್ಯ ಬೇರೆ ತರಹದ್ದು. ಅದು ಸಭೆಯನ್ನು ದಾಟಿ ಫೋಟೊದವರೆಗೂ ಹೋಯಿತು. ಬಾಗಿಲು ಹಾಕುವುದು, ಕೈಗಿಡುವುದು, ಅಪ್ಪನ ಹೆಸರೆತ್ತುವುದು! ಎಲ್ಲರ ಮುಂದೆಯೂ ಅದೇ ನಾಟಕ. ಯಾರಿಗೂ ತೋರಿಸಬೇಡ ಅಂದದ್ದು ಸುಮ್ಮನೆಯೇ? ಅವನು ನೇರವಾಗಿ ಹೆಡ್ಮಾಸ್ಟರ ಹೆಂಡತಿಯ ಬಳಿಗೆ ಹೋಗಿ ಸೀಟಿಯನ್ನು ಆಕೆಯ ಮಡಿಲಿಗೆ ಹಾಕಿದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಅಪ್ಪ ಬಿಟ್ಟು ಹೋದದ್ದು ಇದೇ ಅಂತ ಇಷ್ಟು ಜನರಿಗೂ ಹೇಳಿದ್ದಾರೆ. ಸುಳ್ಳೇ ಹೇಳದ ಮನುಷ್ಯ!"

ಮುದುಕಿ ಸೀಟಿಯನ್ನು ಸೆರಗಿನಿಂದ ಒರೆಸಿ ಅವನ ಅಂಗೈಯಲ್ಲೇ ಇಟ್ಟು ಬೆರಳು ಮಡಚಿದಳು.

"ಸುಳ್ಳು ಯಾಕಪ್ಪ ಹೇಳ್ತಾರೆ? ನಮ್ಮ ಮಾವನವರು ನಕ್ಷತ್ರ ಮಾರ್ಕಿನ ಸೀಟಿ ಕಾರ್ಖಾನೆ ಹಾಕಿ ಮುಳುಗಿಹೋದವರು. ಮಗನಿಗೆ ಬಿಟ್ಟು ಹೋದದ್ದು ಮೂಟೆಗಟ್ಟಲೆ ಇದೇ, ಬೇರೇನೂ ಇಲ್ಲ. ಇನ್ನೂ ಅರ್ಧ ಮೂಟೆ ಮಂಚದ ಕೆಳಗಿದೆ, ಹೋಗುವಾಗ ಮಕ್ಕಳಿಗೆ ಒಂದೊಂದು ತಗೊಂಡು ಹೋಗಿ."