ಮಾವನವರ ಕಂಪ್ಯೂಟರ್ ಸಂಗೀತ

ಐದಕ್ಕೆ ಎರಡು ನಿಮಿಷವಿತ್ತು. ಸೊಸೆ ಕಳ್ಳಹೆಜ್ಜೆಯಿಟ್ಟು ಒಳಕೋಣೆ ಸೇರಿದಳು, ಸದ್ದಾಗದಂತೆ ಚಿಲಕ ಹಾಕಿದಳು, ಸಿಂಥಸೈಜರ್ ಮುಂದೆ ಕೂತಳು.

ಹೊರಗೆ ಹಜಾರದಲ್ಲಿ ಮಾವನವರು ತಮ್ಮ ಮುದಿ ಕಂಪ್ಯೂಟರನ್ನು ಎಬ್ಬಿಸುತ್ತಿದ್ದರು. ಅದಕ್ಕೆ ಮೂವತ್ತೈದು ತುಂಬಿದ್ದರೂ ಅವರ ಪಾಲಿಗೆ ಹಸುಗೂಸು. ಧೂಳು ಒರೆಸುವುದಕ್ಕೂ ಬೇರೆಯವರ ಕೈ ತಾಕಕೂಡದು. ಒಂದೊಂದೇ ಸ್ವರ ತುಂಬಿ ಅದಕ್ಕೊಂದು ಹಾಡು ಕಲಿಸಿದ್ದರು. ಗೋಡೆಯ ತೂತಿನಿಂದ ಹಾದ ತಂತಿ ಒಳಗಿನ ಸಿಂಥಸೈಜರ್‌ಗೆ ಅಪ್ಪಣೆ ಕೊಡುತ್ತಿತ್ತು. ದಿನಾ ಸಂಜೆ ಐದಕ್ಕೆ ಹಜಾರದ ಸ್ಪೀಕರ್ ಹಾಡುತ್ತಿತ್ತು.

ಆದರೆ ಅದು ಹಾಗೆ ಹಾಡಿದ್ದು ಮೂರು ತಿಂಗಳ ಹಿಂದಿನವರೆಗೆ ಮಾತ್ರ. ಒಂದು ಸಂಜೆ ಮಾವನವರು ಗುಂಡಿ ಒತ್ತಿದರು, ಸದ್ದೇ ಇಲ್ಲ. ಕೋಣೆ ಗುಡಿಸುತ್ತಿದ್ದ ಸೊಸೆ ನೋಡಿದಳು. ತಂತಿಯ ಈ ತುದಿ ಭದ್ರವಾಗಿಯೇ ಇತ್ತು. ಯಂತ್ರ ಸತ್ತಿತು ಅಂದುಕೊಂಡಳು. ಬಾಗಿಲ ಸಂದಿಯಲ್ಲಿ ಮಾವನವರ ಮುಖ ಕಂಡಿತು. ಆಗಷ್ಟೇ ಎದೆಯ ಆಪರೇಷನ್ ಮುಗಿಸಿ ಬಂದ ಜೀವ. ಕರುಳು ಚುರುಕ್ಕೆಂದಿತು. ದಿನಾ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹಾಡು, ತಾನೇ ನುಡಿಸಿಬಿಟ್ಟಳು. ಹಿಂದೊಮ್ಮೆ ಸಂಗೀತ ಪರೀಕ್ಷೆಯಲ್ಲಿ ಬೆರಳು ಮರಗಟ್ಟಿದ ಮೇಲೆ, ಯಾರೆಷ್ಟು ಗೋಗರೆದರೂ ಒಂದು ಕೀ ಮುಟ್ಟದಿದ್ದವಳು! ಗೋಗರೆದವರಲ್ಲಿ ಮಾವನವರೇ ಮೊದಲಿಗರು. ಅಂದಿನಿಂದ ದಿನಾ ಐದಕ್ಕೆ ಗುಟ್ಟಾಗಿ ನುಡಿಸುವುದು ಅವಳದೇ ಕೆಲಸವಾಯಿತು.

"ಈಚೆಗೆ ನನ್ನ ಯಂತ್ರಕ್ಕೆ ಜೀವ ಬಂದಿದೆಯಮ್ಮ," ಎಂದು ಅವರು ಊಟಕ್ಕೆ ಕೂತಾಗ ಹೇಳುವರು. "ಆದ್ರೆ ನಿನ್ನೆ ಕೊನೇಲಿ ಸ್ವಲ್ಪ ಅವಸರ ಮಾಡ್ತು."

"ಹಳೇದಲ್ವಾ ಮಾವ," ಎಂದು ಅವಳು ತಟ್ಟೆಯತ್ತ ನೋಡುವಳು. ವಯಸ್ಸಾದವರಿಗೆ ಟೋಪಿ ಹಾಕುತ್ತಿದ್ದೇನಲ್ಲ ಎಂದು ಮನಸ್ಸು ಕುಟುಕುತ್ತಿತ್ತು.

ಇವತ್ತು ಗುಟ್ಟು ರಟ್ಟಾಗುವುದು ಖಂಡಿತ. ಮಧ್ಯಾಹ್ನ ತರಕಾರಿ ಹೆಚ್ಚುವಾಗ ಚಾಕು ಜಾರಿ, ಎಡಗೈಯ ಎರಡು ಬೆರಳಿಗೆ ದಪ್ಪ ಪಟ್ಟಿ ಬಿದ್ದಿತ್ತು.

"ಏನಾಯ್ತಮ್ಮ ಕೈಗೆ?" ಎಂದು ಮಾವನವರು ಕೇಳಿದ್ದರು.

"ಏನಿಲ್ಲ ಮಾವ, ಸಣ್ಣ ಗಾಯ."

ಗಡಿಯಾರ ಐದು ಹೊಡೆಯಿತು. ಬೆರಳನ್ನು ಕೀ ಮೇಲೆ ಊರಿದಳು; ನೋವಿಗೆ ಕಣ್ಣಲ್ಲಿ ನೀರು ಬಂತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೋಗಿ ಹೇಳಿಬಿಡಬೇಕು. ಆ ಎದೆ ತಡೆದೀತೇ? ಅವಳಿಗೆ ನಿಜವಾಗಿ ಭಯವಾಯಿತು. ಅಷ್ಟರಲ್ಲಿ ಹೊರಗೆ ಗುಂಡಿ ಒತ್ತಿದ ಸದ್ದು.

ಹಾಡು ಶುರುವಾಯಿತು. ಒಂದು ಸ್ವರ ತಪ್ಪಲಿಲ್ಲ, ಎಲ್ಲೂ ಅವಸರವಿಲ್ಲ. ಅವಳ ಎರಡೂ ಕೈ ತೊಡೆಯ ಮೇಲಿದ್ದವು.

ಚಿಲಕ ತೆಗೆದು ಹಜಾರಕ್ಕೆ ಬಂದಳು. ಮಾವನವರು ತಿರುಗಿಯೂ ನೋಡಲಿಲ್ಲ.

"ನಿನ್ನ ಬೆರಳು ವಾಸಿಯಾಗೋವರೆಗೆ ಇದೇ ನುಡಿಸಲಿ ಬಿಡಮ್ಮ. ಆಮೇಲೆ ತಂತಿ ಮತ್ತೆ ಕಿತ್ತಿಡ್ತೀನಿ."