ಸೆರಗಿನಲ್ಲಿ ಬಂದ ಕೇಕು

ನುಸಿಗುಳಿಗೆಯ ವಾಸನೆ ಬಡಿದರೆ ಈಗಲೂ ನನ್ನ ನಾಲಗೆಗೆ ಕೇಕಿನ ರುಚಿ ಬರುತ್ತದೆ.

ಚಿಕ್ಕಪ್ಪ ಸಿಂಗಪುರ ತೋರಿಸುತ್ತೇನೆಂದು ಹನೂರಿನಿಂದ ನಮ್ಮ ಇಡೀ ಮನೆಯನ್ನೇ ಹೊರಡಿಸಿದ್ದರು. ಕಂಪನಿ ಕೆಲಸಕ್ಕೆ ವರ್ಷವೆಲ್ಲ ವಿಮಾನದಲ್ಲಿ ಓಡಾಡುತ್ತಿದ್ದ ಅವರ ಹತ್ತಿರ ವಿಮಾನದವರು ಕೊಟ್ಟ ಬಂಗಾರದ ಬಣ್ಣದ ಕಾರ್ಡಿತ್ತು. ಅದರ ದೆಸೆಯಿಂದ ನಮ್ಮ ಗಂಟುಮೂಟೆಗಳು ಕ್ಯೂ ಇಲ್ಲದೆ ಒಳಹೋದವು. ಆದರೆ ವಿಮಾನ ತಡವಾಯಿತು. ಮದ್ರಾಸಿನ ಏರ್‌ಪೋರ್ಟಿನಲ್ಲಿ ಮಧ್ಯಾಹ್ನವೆಲ್ಲ ಕೂತು ಕೂತು ಎಲ್ಲರಿಗೂ ಸೊಂಟ ಹಿಡಿದಿತ್ತು. ಮೆತ್ತನೆ ಕುರ್ಚಿ, ತಿಂಡಿ ಎಲ್ಲ ಇರುವ ಲಾಂಜಿಗೆ ಕಾರ್ಡಿನವರ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಚಿಕ್ಕಪ್ಪ ಅಜ್ಜಿಯನ್ನು ಕರೆದುಕೊಂಡು ಹೋದರು.

ಸ್ವಲ್ಪ ಹೊತ್ತಿಗೇ ಇಬ್ಬರೂ ವಾಪಸ್ ಬಂದರು. ನಮ್ಮೂರ ಕಡೆಯ ದೇವರ ಬೆಟ್ಟದಲ್ಲಿ ನೂಕುನುಗ್ಗಲಿದ್ದಾಗ ಅಜ್ಜಿಯೊಬ್ಬಳೇ ಗುಡಿಯೊಳಕ್ಕೆ ನುಗ್ಗಿ ನಮಗೆಲ್ಲ ಪ್ರಸಾದ ತರುತ್ತಿದ್ದಳು. ಇಲ್ಲಿಯೂ ಹಾಗೇ ನುಸಿಗುಳಿಗೆ ಹಾಕಿಟ್ಟ ಪೆಟ್ಟಿಗೆಯಿಂದ ತೆಗೆದುಟ್ಟ ರೇಷ್ಮೆ ಸೀರೆಯ ಸೆರಗಿನ ತುಂಬ ಕೇಕಿನ ತುಂಡು ತಂದಿದ್ದಳು.

“ಕೈ ಒಡ್ಡಿ ಎಲ್ರೂವೆ” ಎಂದಳು.

ಚಿಕ್ಕಪ್ಪ ಸುಸ್ತಾಗಿ ನೆಲದ ಮೇಲೇ ಕೂತರು. “ಅದ ಒಳಗೇ ತಿನ್ಬೇಕು, ಒರಕ್ಕೆ ತರಂಗಿಲ್ಲ ಕಣವ್ವ.”

“ನೀ ಒಬ್ನೇ ಬಂದಾಗ ಅಲ್ಲೇ ಕೂತ್ಕಂಡು ತಿಂದಿಯಾ ಮಗ?”

“ಊಂ ಕಣವ್ವ.”

“ಯಾರ್ ಜೊತೇಲಿ?”

ಚಿಕ್ಕಪ್ಪ ಬೂಟು ಬಿಚ್ಚಿ, ಪಕ್ಕದಲ್ಲಿ ಕೂತ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದವರು ಹಾಗೇ ನಿದ್ದೆಹೋದರು. ನಾನು ಉಳಿದ ತುಂಡಿಗೆ ಕೈ ಚಾಚಿದೆ. ಅಜ್ಜಿ ಕೊಡಲಿಲ್ಲ. ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ಚಿಕ್ಕಪ್ಪನ ತಲೆ ಸವರುತ್ತಾ ಕೂತಳು.