ಎಮ್ಮೆಯ ಮಗ್ಗುಲಿನ ಉಸಿರು

ತೋಳಿಗೆ ಸುತ್ತಿದ ಪಟ್ಟಿ ಬಿಗಿಯುತ್ತಿದ್ದಂತೆ ಮರಗಮ್ಮನ ಎದೆ ಡವಗುಟ್ಟಿತು. "ಬಿಪಿ ಮತ್ತೆ ಜಾಸ್ತಿಯೇ ಉಂಟಲ್ಲ," ಎಂದಳು ರಬಾಳೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ನರ್ಸ್ ಜಯಲತಾ. "ಇನ್ನೊಮ್ಮೆ ನೋಡುವ. ಆಗಲೂ ಇಳಿಯದಿದ್ದರೆ ನಿಮ್ಮನ್ನು ಕೆಲಸಕ್ಕೆ ತಗೊಳ್ಳುವುದಿಲ್ಲ, ಆಯ್ತಾ?"

ಬಾಗಿಲಲ್ಲಿ ನಿಂತಿದ್ದ ನಾದಿನಿ ಮಲ್ಲಿಕಾ ಸುಮ್ಮನಿರಲಿಲ್ಲ. "ವೈನಿ, ಊರಾಗ ಎಮ್ಮಿ ಹಿಂಡಾಕ ಕುಂದರ್ತಿದ್ದೆಲ್ಲ, ಹಂಗ ಕುಂದ್ರು. ಹಿಂಗ ತೇಕಿದ್ರ ಅದು ಹಾಲು ಬಿಡ್ತಿತ್ತೇನು?"

ಮರಗಮ್ಮ ನಗುತ್ತಲೇ ಕಣ್ಣು ಮುಚ್ಚಿದಳು. ಎಮ್ಮೆಯ ಪಕ್ಕೆಗೆ ಹಣೆಯಾನಿಸಿ ಕೂತವಳಂತೆ ಉಸಿರನ್ನು ನಿಧಾನವಾಗಿ ಎಳೆದುಕೊಂಡು, ಇನ್ನೂ ನಿಧಾನವಾಗಿ ಬಿಟ್ಟಳು. ಹಾಗೆಯೇ ಉಸಿರಾಡುತ್ತ ಹೋದಂತೆ ಭುಜಗಳು ಸಡಿಲಾದವು, ಎದೆಬಡಿತ ಹದಕ್ಕೆ ಬಂತು. ಜಯಲತಾ ಮತ್ತೆ ಯಂತ್ರದ ಗುಂಡಿ ಒತ್ತಿದಳು.

"ಇಳಿಯಿತು ಮಾರಾಯ್ರೆ! ನಾಳೆಯಿಂದಲೇ ಬನ್ನಿ." ಮಲ್ಲಿಕಾ ಒಳಗೇ ನುಗ್ಗಿ ವೈನಿಯನ್ನು ತಬ್ಬಿ ಎಬ್ಬಿಸಿದಳು. "ಅಯ್ಯೋ, ಪಟ್ಟಿ ಬಿಚ್ಚಲಿಕ್ಕಾದರೂ ಬಿಡಿ!" ಎಂದು ಜಯಲತಾ ನಗುತ್ತ, ತೋಳಿನ ಪಟ್ಟಿಯೊಡನೆ ಎಳೆದುಹೋಗುತ್ತಿದ್ದ ಯಂತ್ರದ ಹಿಂದೆ ಓಡಿದಳು.